ಪಂಕ್ ಸಂಗೀತದ ಒಂದೇ ಒಂದು ಆಲ್ಬಂ ಕೇಳಿ ನೋಡುವುದಾದರೆ ಯಾವುದು ಕೇಳಬೇಕು?

ಸೆಕ್ಸ್ ಪಿಸ್ಟಲ್ಸ್ ಅನ್ನುವ ಬ್ಯಾಂಡ್ ಕೇಳಿ ತಲೆ ಸಿಡಿದುಹೋಯಿತು, ಪಂಕ್ ಅನ್ನುವ ಈ ಗದ್ದಲದ ರಾಕ್ ಸಂಗೀತ ಅಂದರೆ ಇಷ್ಟೇನಾ, ಇನ್ನೊಂದು ಆಲ್ಬಂ ಹೇಳಿ, ಅದೂ ಹಿಡಿಸದಿದ್ದರೆ ಈ ಸಹವಾಸವೇ ಬೇಡ ಅಂತ ಬರೆದಿದ್ದೀರಿ. ನನ್ನ ಉತ್ತರ ಎಕ್ಸ್-ರೇ ಸ್ಪೆಕ್ಸ್ ಬ್ಯಾಂಡಿನ ಮೊದಲ ಆಲ್ಬಂ, 'ಜರ್ಮ್‌ಫ್ರೀ ಅಡಾಲೆಸೆಂಟ್ಸ್'. 1978ರ ನವೆಂಬರಿನಲ್ಲಿ ಲಂಡನ್ನಿನಿಂದ ಬಂದದ್ದು. 12 ಹಾಡು, ಹೆಚ್ಚುಕಡಿಮೆ 35 ನಿಮಿಷ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಇಂಥ ಪ್ರಶ್ನೆಗೆ ಹೆಚ್ಚಿನವರು ಕ್ಲ್ಯಾಶ್ ಬ್ಯಾಂಡಿನ 1977ರ ಮೊದಲ ಆಲ್ಬಂ ಹೇಳುತ್ತಾರೆ. ಅದು ನನಗೂ ಇಷ್ಟ. ಆದರೆ ಅದು ಮನಸ್ಸಿಗೆ ಹತ್ತಬೇಕಾದರೆ ಆಗಿನ ಲಂಡನ್ನಿನ ನಿರುದ್ಯೋಗ, ಪೊಲೀಸರ ಕಾಟ, 1976ರ ನಾಟಿಂಗ್ ಹಿಲ್ ಗಲಭೆ ಇದೆಲ್ಲ ಸ್ವಲ್ಪ ಗೊತ್ತಿರಬೇಕು. ಎಕ್ಸ್-ರೇ ಸ್ಪೆಕ್ಸ್‌ಗೆ ಆ ಪೀಠಿಕೆ ಬೇಕಿಲ್ಲ. ಇದರಲ್ಲಿ ಇರುವುದು ಅಂಗಡಿ, ಟೂತ್‌ಪೇಸ್ಟು, ಸೋಪಿನ ಪುಡಿ, ಟಿವಿ ಜಾಹೀರಾತು, ನೈಲಾನ್ ಬಟ್ಟೆ, ಪ್ಲಾಸ್ಟಿಕ್ ಚೀಲ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ನಾವೂ ನೀವೂ ಮುಟ್ಟುವ ಸಾಮಾನುಗಳೇ. ಅವು ನಮ್ಮನ್ನು ಏನು ಮಾಡುತ್ತಿವೆ ಅಂತ 21 ವರ್ಷದ ಒಬ್ಬ ಹುಡುಗಿ ಕೂಗಿ ಹೇಳುತ್ತಾಳೆ, ಅದೂ ನೀವು ಆಮೇಲೆ ಗುನುಗುವಂಥ ರಾಗದಲ್ಲಿ.

ಆ ಹುಡುಗಿ ಪಾಲಿ ಸ್ಟೈರೀನ್. ನಿಜವಾದ ಹೆಸರು ಮರಿಯಾನ್ ಎಲಿಯಟ್-ಸೈದ್. ಅಪ್ಪ ಸೊಮಾಲಿಯಾದವರು, ಅಮ್ಮ ಬಿಳಿಯರು, ಬೆಳೆದದ್ದು ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ. 1976ರ ಜುಲೈ 3, ಆಕೆಯ 19ನೇ ಹುಟ್ಟುಹಬ್ಬ. ಅವತ್ತು ಹೇಸ್ಟಿಂಗ್ಸ್ ಅನ್ನೋ ಕಡಲತೀರದ ಊರಿನಲ್ಲಿ ಸೆಕ್ಸ್ ಪಿಸ್ಟಲ್ಸ್ ನುಡಿಸುತ್ತಿದ್ದರು, ಆಕೆ ನೋಡಲು ಹೋಗಿದ್ದಳು. ನಿಮಗೆ ತಲೆನೋವು ತಂದ ಅದೇ ಬ್ಯಾಂಡ್ ನೋಡಿ ಆಕೆಗೆ ತಾನೂ ಒಂದು ಬ್ಯಾಂಡ್ ಕಟ್ಟಬಹುದು ಅನಿಸಿತು. ಸಂಗೀತ ಪತ್ರಿಕೆಗೆ ಜಾಹೀರಾತು ಕೊಟ್ಟು ಜೊತೆಗಾರರನ್ನು ಹುಡುಕಿದಳು. ಹೊಸ ಹೆಸರನ್ನು ಯೆಲ್ಲೋ ಪೇಜಸ್ ಅನ್ನುವ ಅಂಗಡಿ, ಕಂಪನಿಗಳ ಫೋನ್ ಡೈರೆಕ್ಟರಿ ತಿರುವಿಹಾಕಿ ಆರಿಸಿದಳು. ಪಾಲಿಸ್ಟೈರೀನ್ ಅಂದರೆ ನಮ್ಮ ಥರ್ಮಾಕೋಲ್ ಮಾಡುವ ಪ್ಲಾಸ್ಟಿಕ್. ಹಗುರ, ಅಗ್ಗ, ಬಳಸಿ ಬಿಸಾಡುವ ಸಾಮಾನು. ಪಾಪ್ ತಾರೆಯರನ್ನೂ ಜನ ಹಾಗೇ ಬಳಸಿ ಬಿಸಾಡುತ್ತಾರೆ ಅನ್ನುವುದು ಆಕೆಗೆ ಮೊದಲೇ ಗೊತ್ತಿತ್ತು.

ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಳು. ಅದನ್ನು ಮುಚ್ಚಿಡಲಿಲ್ಲ, ಬಾಯಿ ಅಗಲಿಸಿ ಹಾಡಿದಳು. ಪಂಕ್ ಅಂದರೆ ಕಪ್ಪು ಚರ್ಮದ ಜಾಕೆಟ್ಟು, ಸೇಫ್ಟಿ ಪಿನ್ನು ಅಂತ ನಮ್ಮ ತಲೆಯಲ್ಲಿ ಕೂತಿದೆ, ಅಲ್ವಾ? ಈಕೆ ಕಣ್ಣು ಕುಕ್ಕುವ ಹಸಿರು, ಗುಲಾಬಿ, ಹಳದಿ ಬಟ್ಟೆ ಹಾಕಿಕೊಂಡು ವೇದಿಕೆಗೆ ಬರುತ್ತಿದ್ದಳು. ಕೆಲವನ್ನು ತಾನೇ ಹೊಂದಿಸಿಕೊಂಡದ್ದು. ಬ್ಯಾಂಡಿಗೂ ಮೊದಲು ಲಂಡನ್ನಿನ ಕಿಂಗ್ಸ್ ರೋಡಿನ ಒಂದು ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಒಡವೆ, ಹಳೆ ಫ್ಯಾಷನ್ನಿನ ಬಟ್ಟೆ ಮಾರುವ ಸಣ್ಣ ಅಂಗಡಿ ಇಟ್ಟಿದ್ದಳು. ಅಂದರೆ ಹಾಡಿನಲ್ಲಿ ಬರುವ ಸಾಮಾನುಗಳನ್ನು ಮಾರಿದವಳೂ ಆಕೆಯೇ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ದನಿಯ ವಿಷಯ. ಸುಳ್ಳು ಹೇಳುವುದಿಲ್ಲ, ಪಾಲಿ ಕಿರುಚುತ್ತಾಳೆ. ಆದರೆ ಕಿವಿಗೊಟ್ಟು ಕೇಳಿದರೆ ಆ ಕಿರುಚಾಟದಲ್ಲಿ ಸ್ವರ ತಪ್ಪುವುದಿಲ್ಲ. ಕೆಳಗಿನಿಂದ ಹತ್ತಿ ಹೋಗಿ ಸರಿಯಾಗಿ ಬೇಕಾದ ಜಾಗದಲ್ಲೇ ಕೂರುತ್ತದೆ, ಸಾಲಿನ ಕೊನೆಯ ಅಕ್ಷರವನ್ನು ಎಳೆದು ಅಲ್ಲೇ ನಿಲ್ಲಿಸುತ್ತಾಳೆ. ಕೋಪಕ್ಕಿಂತ ಜಾಸ್ತಿ ಖುಷಿ ಕೇಳಿಸುತ್ತದೆ ನನಗೆ. ಬೇಕಾದ ಕಡೆ ದನಿ ತಗ್ಗಿಸಿ ಮೆತ್ತಗೆ ಹಾಡಲೂ ಗೊತ್ತು, ಆ ಮಾತಿಗೆ ಬರುತ್ತೇನೆ.

ಇನ್ನೊಂದು ದನಿ ಸ್ಯಾಕ್ಸಫೋನ್. ಪಂಕ್ ಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಆಗ ಅಪರೂಪ. ಶುರುವಿನಲ್ಲಿ ಅದನ್ನು ನುಡಿಸುತ್ತಿದ್ದವಳು ಲೋರಾ ಲಾಜಿಕ್, ಇನ್ನೂ ಸ್ಕೂಲಿಗೆ ಹೋಗುವ ವಯಸ್ಸು. ಇವರ ಮೊದಲ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡು, 'ಓ ಬಾಂಡೇಜ್ ಅಪ್ ಯುವರ್ಸ್' 1977ರಲ್ಲಿ ಬಂತಲ್ಲ, ಅದರಲ್ಲಿ ಕೇಳುವುದು ಆಕೆಯೇ. ಆಲ್ಬಂ ರೆಕಾರ್ಡ್ ಮಾಡುವ ಹೊತ್ತಿಗೆ ಆಕೆಯನ್ನು ಬ್ಯಾಂಡಿನಿಂದ ಕಳಿಸಿಯಾಗಿತ್ತು, ರೂಡಿ ಥಾಮ್ಸನ್ ಬಂದಿದ್ದರು. ಇದು ನನಗೆ ಇವತ್ತಿಗೂ ಬೇಸರದ ವಿಷಯ, ಯಾಕೆಂದರೆ ಈ ಬ್ಯಾಂಡಿನಲ್ಲಿ ಸ್ಯಾಕ್ಸ್ ಹೇಗೆ ಕೇಳಬೇಕು ಅನ್ನುವ ದಾರಿ ಹಾಕಿಕೊಟ್ಟವಳು ಲೋರಾ. ಹಾಡಿನ ಮಧ್ಯೆ ಎಲ್ಲೋ ಒಂದು ಕಡೆ ಬಂದು ಹೋಗುವ ಸ್ಯಾಕ್ಸ್ ಅಲ್ಲ ಇದು. ಪಾಲಿ ಒಂದು ಸಾಲು ಹಾಡಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದು ನುಗ್ಗುತ್ತದೆ, ಮತ್ತೆ ಆಕೆ ನುಗ್ಗುತ್ತಾಳೆ. ಜಗಳ ಮಾಡುತ್ತಲೇ ಜೊತೆಗೆ ನಡೆಯುವ ಅಕ್ಕ ತಂಗಿಯರ ಹಾಗೆ. ಕೆಳಗೆ ಜ್ಯಾಕ್ ಏರ್‌ಪೋರ್ಟ್ ಅನ್ನುವವನ ಗಿಟಾರು ಒಂದೇ ಸಮ ಗೋಡೆ ಕಟ್ಟಿದಂತೆ ಇರುತ್ತದೆ. ನಿಮಗೆ ಪಿಸ್ಟಲ್ಸ್‌ನಲ್ಲಿ ಗಿಟಾರಿನ ಗದ್ದಲ ಒಂದೇ ಕೇಳಿಸಿದ್ದರೆ, ಇಲ್ಲಿ ಕಿವಿಗೆ ಹಿಡಿದುಕೊಳ್ಳಲು ಆ ಸ್ಯಾಕ್ಸ್ ಸಿಗುತ್ತದೆ.

ಹಾಡುಗಳಿಗೆ ಬರೋಣ. ಆಲ್ಬಂ ಶುರುವಾಗುವುದೇ 'ಆರ್ಟ್-ಐ-ಫಿಶಿಯಲ್' ಅನ್ನುವ ಹಾಡಿನಿಂದ. ನಾನು ಕೃತಕ, ಗೊತ್ತು, ಆದರೆ ನನ್ನನ್ನು ಬೈಯಬೇಡಿ, ಮಷಿನ್‌ಗಳ ನಡುವೆ, ಕೊಳ್ಳುವವರ ಸಮಾಜದಲ್ಲಿ ನನ್ನನ್ನು ಬೆಳೆಸಿದ್ದಾರೆ ಅನ್ನುವ ಅರ್ಥದ ಸಾಲು ಮೊದಲೇ ಬರುತ್ತದೆ. ಇದೇ ಈ ಆಲ್ಬಂನ ಕೀಲಿಕೈ ಅಂತ ನನ್ನ ಅಭಿಪ್ರಾಯ. ಕೊಳ್ಳುಬಾಕತನದ ಬಗ್ಗೆ ಹಾಡು ಬರೆದವರು ತುಂಬ ಜನ ಇದ್ದಾರೆ, ಹೆಚ್ಚಿನವರು ಎತ್ತರದಲ್ಲಿ ನಿಂತು ಕೆಳಗಿನವರಿಗೆ ಬುದ್ಧಿ ಹೇಳುತ್ತಾರೆ, ಅವರು ಮಾತ್ರ ಯಾವ ಅಂಗಡಿಗೂ ಹೋಗದವರ ಥರ. ಪಾಲಿ ಹಾಗೆ ಮಾಡುವುದಿಲ್ಲ. ಆಕೆಗೆ ಆ ಬಣ್ಣಗಳು ಇಷ್ಟ, ಪ್ಲಾಸ್ಟಿಕ್ ಒಡವೆ ಇಷ್ಟ, ಅದನ್ನು ಮಾರಿಯೂ ಗೊತ್ತು. ಇಷ್ಟಪಡುತ್ತಲೇ ಇದು ನನ್ನನ್ನು ಏನು ಮಾಡುತ್ತಿದೆ ಅಂತ ಕೇಳುತ್ತಾಳೆ. ಅದಕ್ಕೇ ಈ ಹಾಡುಗಳು ಚುಚ್ಚುತ್ತವೆ, ಯಾಕೆಂದರೆ ನಮ್ಮ ಸ್ಥಿತಿಯೂ ಅದೇ ತಾನೆ.

'ವಾರಿಯರ್ ಇನ್ ವೂಲ್‌ವರ್ತ್ಸ್' ಕೇಳಿ. ವೂಲ್‌ವರ್ತ್ಸ್ ಅಂದರೆ ಆಗ ಬ್ರಿಟನ್ನಿನ ಊರೂರಿನಲ್ಲೂ ಇದ್ದ ಅಗ್ಗದ ಸಾಮಾನಿನ ದೊಡ್ಡ ಅಂಗಡಿ. ಅಲ್ಲಿ ತಲೆ ಬಗ್ಗಿಸಿ ಕೆಲಸ ಮಾಡುವ ಒಬ್ಬ ಹುಡುಗ, ಒಳಗೊಳಗೇ ಏನೋ ಸಂಚು ಹೂಡುತ್ತಿರುತ್ತಾನೆ. ಇಷ್ಟೇ ಕಥೆ. ಆದರೆ ಆ ಹುಡುಗನ ಬಗ್ಗೆ ಪಾಲಿಗೆ ಎಷ್ಟು ಅಕ್ಕರೆ ಅಂತ ರಾಗದಲ್ಲೇ ಗೊತ್ತಾಗುತ್ತದೆ, ಅಲ್ಲಿ ವೇಗ ಇಳಿಯುತ್ತದೆ, ದನಿ ಮೆತ್ತಗಾಗುತ್ತದೆ.

ಇನ್ನೂ ಮೆತ್ತಗಿನ ಹಾಡು ಬೇಕಾದರೆ ಆಲ್ಬಂನ ಹೆಸರಿನ ಹಾಡೇ ಇದೆ. ಪಂಕ್ ಅಂತ ಹೇಳದೇ ಕೇಳಿಸಿದರೆ ನೀವು ನಂಬುವುದಿಲ್ಲ, ಅಷ್ಟು ನಿಧಾನ, ನಿದ್ದೆಗಣ್ಣಿನಲ್ಲಿ ಹಾಡಿದಂತಿದೆ. ಶುಚಿಯ ಗೀಳು ಹಿಡಿದ ಒಬ್ಬ ಹುಡುಗಿ ದಿನಕ್ಕೆ ಹತ್ತು ಸಲ ಹಲ್ಲುಜ್ಜುತ್ತಾಳೆ. ಉಜ್ಜು, ಉಜ್ಜು, ಉಜ್ಜು ಅಂತ ಬಂದು ಕೊನೆಗೆ ಎಸ್‌ಆರ್ ಅನ್ನುವ ಎರಡಕ್ಷರ ಬರುತ್ತದೆ. ನನಗೆ ಬಹಳ ದಿನ ಅದೇನೆಂದು ಗೊತ್ತಾಗಿರಲಿಲ್ಲ. ಅದು ಗಿಬ್ಸ್ ಎಸ್‌ಆರ್ ಟೂತ್‌ಪೇಸ್ಟು. 1955ರ ಸೆಪ್ಟೆಂಬರ್ 22ರಂದು ಬ್ರಿಟಿಷ್ ಟಿವಿಯಲ್ಲಿ ಮೊಟ್ಟಮೊದಲು ಬಂದ ಜಾಹೀರಾತು ಇದೇ ಪೇಸ್ಟಿನದು. ಪಾಲಿ ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. ಅಂದರೆ ಟಿವಿ ಜಾಹೀರಾತು ನೋಡುತ್ತಲೇ ಬೆಳೆದ ಮೊದಲ ತಲೆಮಾರಿನ ಹುಡುಗಿ, ಆ ಜಾಹೀರಾತುಗಳ ಮೊದಲ ಪೇಸ್ಟನ್ನೇ ಹಾಡಿಗೆ ತಂದಿದ್ದಾಳೆ. ಈ ಹಾಡು ಬ್ರಿಟಿಷ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನಕ್ಕೆ ಹೋಯಿತು. ಕೋವಿಡ್ ಬಂದಾಗ ಸ್ಯಾನಿಟೈಸರ್ ಬಾಟಲಿ ಹಿಡಿದು ಕೂತಿದ್ದ ದಿನಗಳಲ್ಲಿ ನಾನು ಇದನ್ನು ಮತ್ತೆ ಮತ್ತೆ ಕೇಳಿದೆ, ಮೈ ಜುಂ ಅಂದಿತ್ತು.

'ಪ್ಲಾಸ್ಟಿಕ್ ಬ್ಯಾಗ್' ನನ್ನ ಮೆಚ್ಚಿನದು. ನನ್ನ ತಲೆ ಒಂದು ಪ್ಲಾಸ್ಟಿಕ್ ಚೀಲ, ಕಿವಿಯಿಂದ ತುಂಬಿದ ಕಸವನ್ನೆಲ್ಲ ಹೀರಿಕೊಳ್ಳುತ್ತದೆ ಅಂತ ಹಾಡುತ್ತಾಳೆ. ಜಾಹೀರಾತು ನೋಡಿ ನೋಡಿ ತಲೆ ಎಷ್ಟು ಕಲಸಿಹೋಗಿದೆ ಅಂದರೆ ಬೆಳಿಗ್ಗೆ ತಿಂಡಿಗೆ ಟಿಶ್ಯೂ ಪೇಪರ್ ತಿನ್ನುತ್ತಾಳೆ, ಕಣ್ಣೀರು ಒರೆಸಿಕೊಳ್ಳಲು ವೀಟಬಿಕ್ಸ್ ಅನ್ನುವ ಬೆಳಗಿನ ತಿಂಡಿ ಬಳಸುತ್ತಾಳೆ. 1977ರಲ್ಲೇ ನಾವು ಜಾಹೀರಾತು ನೋಡಿ ಹುಚ್ಚರಾಗಿದ್ದೇವೆ ಅನ್ನುತ್ತಾಳೆ. ಮೊಬೈಲಿಲ್ಲ, ಇಂಟರ್‌ನೆಟ್ಟಿಲ್ಲ, ಬ್ರಿಟನ್ನಿನಲ್ಲಿ ಇದ್ದದ್ದೇ ಮೂರು ಟಿವಿ ಚಾನೆಲ್, ಅದರಲ್ಲಿ ಜಾಹೀರಾತು ಹಾಕುತ್ತಿದ್ದದ್ದು ಒಂದೇ. ರಾಗವೂ ಹಾಗೇ ಓಡುತ್ತದೆ, ನಿಲ್ಲುತ್ತದೆ, ತೂಗುತ್ತದೆ, ಮತ್ತೆ ಓಡುತ್ತದೆ. ಆಗಿನ ಪಂಕ್ ಹಾಡುಗಳು ಎರಡು ಎರಡೂವರೆ ನಿಮಿಷಕ್ಕೆ ಮುಗಿಯುತ್ತಿದ್ದರೆ ಇದು ಅದರ ಸುಮಾರು ಎರಡರಷ್ಟು ಉದ್ದ.

ಕೊನೆಯ ಹಾಡು 'ದ ಡೇ ದ ವರ್ಲ್ಡ್ ಟರ್ನ್ಡ್ ಡೇ-ಗ್ಲೋ'. ಥರ್ಮಾಕೋಲ್ ಗುಡ್ಡ ಹತ್ತಿ, ಸೋಪಿನ ಪುಡಿ ತುಂಬಿದ ಈಜುಕೊಳಕ್ಕೆ ಬಿದ್ದು, ಜಗತ್ತೆಲ್ಲ ಡೇ-ಗ್ಲೋ ಅನ್ನುವ ಕಣ್ಣು ಕುಕ್ಕುವ ಫ್ಲೋರೆಸೆಂಟ್ ಬಣ್ಣಕ್ಕೆ ತಿರುಗುವುದನ್ನು ನೋಡುತ್ತಾಳೆ. ಮರ ರೇಯಾನಿನದು, ಎಲೆ ಕೃತಕ ನೂಲಿನದು. ಪರಿಸರದ ಬಗ್ಗೆ ಭಾಷಣ ಒಂದೂ ಇಲ್ಲ, ಬರೀ ಕಂಡದ್ದನ್ನು ಪಟ್ಟಿ ಮಾಡುತ್ತಾ ಹೋಗುತ್ತಾಳೆ, ಅದೇ ಸಾಕು.

ಕವರ್ ನೋಡಿದ್ದೀರಾ? ಬ್ಯಾಂಡಿನವರು ಒಬ್ಬೊಬ್ಬರೂ ಒಂದೊಂದು ಪರೀಕ್ಷಾ ನಳಿಕೆಯೊಳಗೆ ನಿಂತಿದ್ದಾರೆ. ಒಳಗೆ 'ಜೆನೆಟಿಕ್ ಎಂಜಿನಿಯರಿಂಗ್' ಅನ್ನುವ ಹಾಡೂ ಇದೆ. ಜಗತ್ತಿನ ಮೊದಲ ಪ್ರನಾಳ ಶಿಶು ಇಂಗ್ಲೆಂಡಿನಲ್ಲೇ ಹುಟ್ಟಿದ್ದು ಅದೇ ವರ್ಷದ ಜುಲೈನಲ್ಲಿ. ಆಗಿನ ಮನೆಮನೆ ಮಾತು ಅದು.

ರಾಜಕೀಯ ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. 1978ರ ಏಪ್ರಿಲ್ 30ರಂದು ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ ರಾಕ್ ಎಗೇನ್‌ಸ್ಟ್ ರೇಸಿಸಂ ಅನ್ನುವ ದೊಡ್ಡ ಸಂಗೀತ ಸಭೆ ನಡೆಯಿತು. ಬೀದಿಯಲ್ಲಿ ನ್ಯಾಷನಲ್ ಫ್ರಂಟ್ ಅನ್ನುವ ತೀವ್ರ ಬಲಪಂಥೀಯ ಪಕ್ಷದವರು ವಲಸಿಗರ ಮೇಲೆ, ನಮ್ಮ ಕಡೆಯಿಂದ ಹೋದವರ ಮೇಲೂ, ದ್ವೇಷ ಕಾರುತ್ತಿದ್ದ ಕಾಲ ಅದು. ಪಾಲಿ ತಲೆಗೆ ಬಟ್ಟೆ ಸುತ್ತಿಕೊಂಡು ಬಂದು ಹಾಡಿದಳು. ಬಟ್ಟೆಯ ಕೆಳಗೆ ತಲೆ ಬೋಳಿಸಿಕೊಂಡಿದ್ದಳು. ತನ್ನನ್ನು ಸೆಕ್ಸ್ ಸಿಂಬಲ್ ಮಾಡಲು ಹೊರಟರೆ ತಲೆ ಬೋಳಿಸಿಕೊಳ್ಳುತ್ತೇನೆ ಅಂತ ಮೊದಲೇ ಹೇಳಿದ್ದಳು, ಹಾಗೇ ಮಾಡಿದಳು. ಆ ಮೈಬಣ್ಣದ, ಹಲ್ಲಿಗೆ ತಂತಿ ಕಟ್ಟಿದ ಹುಡುಗಿ ಅಷ್ಟು ಸಾವಿರ ಜನರ ಮುಂದೆ ನಿಂತು 'ಐಡೆಂಟಿಟಿ' ಹಾಡುವಾಗ, ಕನ್ನಡಿಯಲ್ಲಿ, ಟಿವಿ ಪರದೆಯಲ್ಲಿ, ಪತ್ರಿಕೆಯಲ್ಲಿ ನಿನ್ನನ್ನು ನೀನು ಕಾಣುತ್ತೀಯಾ ಅಂತ ಕೇಳುವಾಗ, ಅದಕ್ಕಿಂತ ದೊಡ್ಡ ರಾಜಕೀಯ ಏನು ಬೇಕು?

ಬ್ಯಾಂಡ್ ಜಾಸ್ತಿ ದಿನ ಉಳಿಯಲಿಲ್ಲ, 1979ರಲ್ಲೇ ಒಡೆಯಿತು. ಪಾಲಿಯ ಮಾನಸಿಕ ಆರೋಗ್ಯ ಕೆಟ್ಟಿತ್ತು. ಮೊದಲು ಸ್ಕಿಜೋಫ್ರೇನಿಯಾ ಅಂದರು, ಬೈಪೋಲಾರ್ ಅಂತ ಗೊತ್ತಾಗಲು ವರ್ಷಗಳೇ ಬೇಕಾದವು. ಆಮೇಲೆ ಆಕೆ ಹರೇ ಕೃಷ್ಣ ಭಕ್ತೆಯಾದಳು. ಲಂಡನ್ನಿನ ಹೊರಗೆ ಇಸ್ಕಾನ್‌ನವರ ಭಕ್ತಿವೇದಾಂತ ಮ್ಯಾನರ್ ಇದೆ, ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೊಂಡು ಕೊಟ್ಟ ಜಾಗ, ಅಲ್ಲಿ ವಾಸವಾಗಿದ್ದಳು. ಲೋರಾ ಲಾಜಿಕ್ ಕೂಡ ಅದೇ ಪಂಥ ಸೇರಿದ್ದಳು ಅನ್ನುವುದು ನನಗೆ ತುಂಬ ಸಮಾಧಾನ ಕೊಡುವ ಸಂಗತಿ, ಇಬ್ಬರೂ ಮತ್ತೆ ಒಂದೇ ಕಡೆ ಬಂದರಲ್ಲ. ಪಾಲಿ 2011ರ ಏಪ್ರಿಲಿನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಳು, 53 ವರ್ಷ. ಕೊನೆಯ ಸೋಲೋ ಆಲ್ಬಂ ಅದಕ್ಕೆ ಒಂದು ತಿಂಗಳ ಮುಂಚೆ ಬಂದಿತ್ತು.

ಹೇಗೆ ಕೇಳಬೇಕು ಅಂದರೆ, ಮೊದಲಿನಿಂದ ಶುರು ಮಾಡಬೇಡಿ. ನಿಮ್ಮ ತಲೆನೋವಿನ ಹಿನ್ನೆಲೆ ನೋಡಿದರೆ ಮೊದಲು 'ಜರ್ಮ್ ಫ್ರೀ ಅಡಾಲೆಸೆಂಟ್ಸ್' ಹಾಡು, ಆಮೇಲೆ 'ವಾರಿಯರ್ ಇನ್ ವೂಲ್‌ವರ್ತ್ಸ್', ಆಮೇಲೆ 'ಐಡೆಂಟಿಟಿ'. ದನಿ ಕಿವಿಗೆ ರೂಢಿಯಾದ ಮೇಲೆ ಇಡೀ ಆಲ್ಬಂ ಒಂದೇ ಸಲಕ್ಕೆ ಕೇಳಿ. ಫೋನಿನ ಸ್ಪೀಕರ್ ಬೇಡ, ಅದರಲ್ಲಿ ಗಿಟಾರೂ ಸ್ಯಾಕ್ಸೂ ಕಲಸಿಹೋಗಿ ಬರೀ ಸದ್ದಾಗುತ್ತದೆ, ಹೆಡ್‌ಫೋನ್ ಹಾಕಿಕೊಳ್ಳಿ. ಇನ್ನೊಂದು ವಿಷಯ, ಈಗ ಸಿಗುವ ಸಿಡಿ, ಆನ್‌ಲೈನ್ ಆವೃತ್ತಿಗಳಲ್ಲಿ ಹಾಡುಗಳು ಜಾಸ್ತಿ ಇರುತ್ತವೆ, ಕ್ರಮವೂ ಬೇರೆ ಇರಬಹುದು. 'ಓ ಬಾಂಡೇಜ್' ಮೂಲ ಆಲ್ಬಂನಲ್ಲಿ ಇರಲಿಲ್ಲ. ಮೂಲದ ಕ್ರಮದಲ್ಲಿ 'ಆರ್ಟ್-ಐ-ಫಿಶಿಯಲ್' ಮೊದಲು, 'ಡೇ-ಗ್ಲೋ' ಕೊನೆ, ಸಾಧ್ಯವಾದರೆ ಹಾಗೇ ಜೋಡಿಸಿಕೊಳ್ಳಿ. 'ಓ ಬಾಂಡೇಜ್' ಬೇರೆಯಾಗಿ, ಕೊನೆಗೆ, ಸೌಂಡ್ ಜೋರಾಗಿ ಇಟ್ಟು ಕೇಳಿ. ಹಿಡಿಸಿದರೆ ಇಲ್ಲೇ ಕೆಳಗೆ ಬರೆಯಿರಿ, ಮುಂದಿನದು ಸ್ಲಿಟ್ಸ್ ಬ್ಯಾಂಡಿನ 1979ರ 'ಕಟ್', ಅದೂ ಮೊದಲ ಆಲ್ಬಂ, ಅದರ ಬಗ್ಗೆಯೂ ಇಷ್ಟೇ ಉದ್ದ ಬರೆಯಲು ನಾನು ರೆಡಿ.