ಎಷ್ಟು ಸಲ ನೋಡಿದ್ರೂ ಬೇಜಾರಾಗ್ದೇ ಇರೋ ಸಿನಿಮಾ, ಸೀರಿಯಲ್ ಯಾವ್ದು? ಯಾಕೆ?

ಟಾಪ್ ಟೆನ್ ಪಟ್ಟಿ ಬೇಡ, ಎರಡ್ಮೂರು ಹೇಳಿ ಸಾಕು, ಆದ್ರೆ ಯಾಕೆ ಇಷ್ಟ ಅಂತ ಬಿಡಿಸಿ ಹೇಳಿ ಅಂತ ಕೇಳಿದೀರ. ನಂಗೆ ಯೋಚ್ನೆ ಮಾಡೋ ಅಗತ್ಯನೇ ಇಲ್ಲ, ಮೊದ್ಲು ಬಾಯಿಗೆ ಬರೋದು ಬೂತಯ್ಯನ ಮಗ ಅಯ್ಯು. 1974ರದ್ದು, ನಾನು ಹುಟ್ಟೋಕೂ ಮುಂಚೆ ಬಂದಿದ್ದು. ಅದರ ಪಕ್ಕದಲ್ಲಿ ತಿಥಿ ಅನ್ನೋ ಸಿನಿಮಾ ಇಡ್ತೀನಿ. ಸೀರಿಯಲ್ ಅಂದ್ರೆ ಟಿ.ಎನ್. ಸೀತಾರಾಂ ಅವ್ರದ್ದು ಯಾವ್ದಾದ್ರೂ ಸರಿ, ಒಂದೇ ಹೇಳಿ ಅಂದ್ರೆ ಮುಕ್ತ ಮುಕ್ತ. ಮೂರಕ್ಕೂ ಕಾರಣ ಒಂದೇ, ಜಮೀನು ಮತ್ತೆ ಕೋರ್ಟು. ಅದನ್ನ ಹೇಳ್ಬೇಕಂದ್ರೆ ನಮ್ಮನೆ ವಿಷ್ಯ ಒಂಚೂರು ಹೇಳ್ಬೇಕಾಗುತ್ತೆ.

ನಮ್ದು ತುಮಕೂರು ಜಿಲ್ಲೆ, ಮಳೆ ಕಮ್ಮಿ ಇರೋ ಕಡೆ ಒಂದು ಹಳ್ಳಿ. ಈಗ ನಾನು ಕೆಲಸಕ್ಕೆ ಅಂತ ತುಮಕೂರಲ್ಲೇ ಇದೀನಿ, ಅಪ್ಪ ಅಮ್ಮ ಊರಲ್ಲೇ. ನಮ್ಮಪ್ಪಂಗೂ ದೊಡ್ಡಪ್ಪಂಗೂ 1 ಎಕರೆ 20 ಗುಂಟೆ ಜಮೀನಿಗೆ ಕೇಸು. ಅದರಲ್ಲಿ ಒಂದು ಬಾವಿ, ಏಳು ತೆಂಗಿನ ಮರ, ಮಿಕ್ಕಿದ್ದು ಕಡ್ಲೆಕಾಯಿ ಹಾಕೋ ಕೆಂಪು ನೆಲ. 1996ರಲ್ಲಿ ಶುರುವಾಗಿದ್ದು 14 ವರ್ಷ ನಡೀತು. ವಾಯ್ದೆ ದಿನ ಅಪ್ಪ ಬೆಳಗ್ಗೆನೇ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿಸಿಟ್ಟಿದ್ದ ಬಿಳೀ ಷರ್ಟ್ ಹಾಕ್ಕೊಂಡು, ಪಹಣಿ, ಹಳೇ ಪಾಲುಪಟ್ಟಿ ನಕಲು ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಸುತ್ಕೊಂಡು ಏಳೂವರೆ ಬಸ್ಸಿಗೆ ಹೋಗೋರು, ಅದೇ ಬಸ್ಸಲ್ಲಿ ಮುಂದಿನ ಸೀಟಲ್ಲಿ ದೊಡ್ಡಪ್ಪನೂ ಅದೇ ಥರ ಕವರ್ ಇಟ್ಕೊಂಡು ಕೂತಿರೋರು, ಯಾಕಂದ್ರೆ ನಮ್ಮೂರಿಗೆ ಬೆಳಗ್ಗೆ ಇದ್ದಿದ್ದೇ ಅದೊಂದು ಬಸ್ಸು. ಸಾಯಂಕಾಲ ಮತ್ತೆ ಇಬ್ರೂ ಒಂದೇ ಬಸ್ಸಲ್ಲಿ ವಾಪಸ್ಸು. ಮಾತಿಲ್ಲ. ಎರಡು ಮನೆಗೂ ಮಧ್ಯೆ ಇರೋದು ಒಂದೇ ಗೋಡೆ, ಆ ಕಡೆ ರೊಟ್ಟಿ ತಟ್ಟೋ ಸದ್ದು ಈ ಕಡೆಗೆ ಕೇಳ್ಸುತ್ತೆ.

ಈಗ ಬೂತಯ್ಯನ ಮಗ ಅಯ್ಯು ಯಾಕೆ ಅಂತ ನಿಮ್ಗೇ ಅರ್ಧ ಗೊತ್ತಾಗಿರುತ್ತೆ. ಡೈರೆಕ್ಟರ್ ಸಿದ್ದಲಿಂಗಯ್ಯ ನಮ್ಮ ಜಿಲ್ಲೆಯೋರೇ, ಶಿರಾ ತಾಲ್ಲೂಕಿನ ತರೂರು ಅವ್ರ ಊರು. ಕಥೆ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವ್ರದ್ದು, ಅವ್ರು ಹೇಮಾವತಿ ದಂಡೆ ಮೇಲಿರೋ ಗೊರೂರಿನೋರು. ಹೇಮಾವತಿ ದಂಡೆ ಕಥೆನ ನೀರಿಲ್ಲದ ಸೀಮೆಯವ್ರು ತೆಗೆದಿದಾರೆ ಅನ್ನೋದು ನಂಗೆ ಯಾವಾಗ್ಲೂ ಒಂಥರ ಖುಷಿ, ಇವತ್ತು ತುಮಕೂರಿನ ನಲ್ಲೀಲಿ ಬರೋದೂ ಅದೇ ಗೊರೂರು ಡ್ಯಾಮಿನಿಂದ ಬುಗುಡನಹಳ್ಳಿ ಕೆರೆಗೆ ಬಂದು ತುಂಬೋ ಹೇಮಾವತಿ ನೀರೇ. ಎಲ್ರಿಗೂ ಈ ಸಿನಿಮಾ ಅಂದ್ರೆ ಲೋಕನಾಥ್ ಉಪ್ಪಿನಕಾಯಿ ಸೀನ್ ಜ್ಞಾಪಕ ಬರುತ್ತೆ. ನಂಗೂ ಇಷ್ಟನೇ. ಆದ್ರೆ ನಾನು ನೋಡೋದು ಅದಕ್ಕಲ್ಲ.

ಬೂತಯ್ಯ ಅಂದ್ರೆ ಎಂ.ಪಿ. ಶಂಕರ್, ಊರೆಲ್ಲಾ ಸಾಲ ಕೊಟ್ಟು ಹಿಂಡಿ ಇಟ್ಟಿರೋ ಮನುಷ್ಯ. ಅವ್ನು ಸತ್ತಾಗ ಹೆಣಕ್ಕೆ ಹೆಗಲು ಕೊಡೋಕೆ ಊರಲ್ಲಿ ಒಬ್ರೂ ಬರಲ್ಲ. ಮಗ ಅಯ್ಯು, ಅಂದ್ರೆ ಲೋಕೇಶ್, ಆ ಅವಮಾನ ನುಂಗ್ಕೊಂಡು ಊರ ಮೇಲೆ ಹಗೆ ಸಾಧಿಸೋಕೆ ನಿಲ್ತಾನೆ, ಆ ಕಡೆಯಿಂದ ಗುಳ್ಳ, ಅಂದ್ರೆ ವಿಷ್ಣುವರ್ಧನ್. ನೀವು ಗಮನ ಇಟ್ಟು ನೋಡಿ, ಅಯ್ಯುದು ತಪ್ಪು ಅಂತ ಅಂದ್ಕೊಂಡು ಕೂತಿರ್ತೀರ, ಅಷ್ಟರಲ್ಲಿ ಅವನ ಮುಖ ನೋಡಿದ್ರೆ ಪಾಪ ಅನ್ಸುತ್ತೆ, ಗುಳ್ಳನ ಕಡೆ ನ್ಯಾಯ ಇದೆ ಅಂದ್ಕೊಳ್ತೀರ, ಅಷ್ಟರಲ್ಲಿ ಅವನ ಹಟ ನೋಡಿ ಇವ್ನು ಮನೆ ಹಾಳು ಮಾಡ್ಕೊಳ್ತಾನಲ್ಲಪ್ಪ ಅಂತ ಭಯ ಆಗುತ್ತೆ. ನಮ್ಮನೆ ಕೇಸೂ ಹಂಗೇ ಇತ್ತು. ನಾನು ಚಿಕ್ಕೋನಿದ್ದಾಗ ಅಪ್ಪಂದೇ ಸರಿ ಅಂತ ನಂಬಿದ್ದೆ, ದೊಡ್ಡೋನಾಗಿ ಕಾಗದಪತ್ರ ಓದೋಕೆ ಬಂದ್ಮೇಲೆ ಗೊತ್ತಾಯ್ತು ದೊಡ್ಡಪ್ಪನ ಮಾತಲ್ಲೂ ಅರ್ಧ ಸತ್ಯ ಇತ್ತು ಅಂತ. ಇದನ್ನ ಅಪ್ಪನ ಹತ್ರ ಇವತ್ತಿಗೂ ಹೇಳಿಲ್ಲ.

ಅದಕ್ಕೇ ನಂಗೆ ಬಂಗಾರದ ಮನುಷ್ಯಕ್ಕಿಂತ ಇದು ಮೇಲು. ಅಣ್ಣಾವ್ರ ಅಭಿಮಾನಿಗಳು ದಯವಿಟ್ಟು ಬೇಜಾರು ಮಾಡ್ಕೋಬೇಡಿ, ನಾನೂ ಅಣ್ಣಾವ್ರ ಅಭಿಮಾನಿನೇ, ನಮ್ಮನೆ ದೇವ್ರ ಗೂಡಿನ ಪಕ್ಕ ಅವ್ರ ಫೋಟೋ ಇದೆ. 1972ರಲ್ಲಿ ಇದೇ ಸಿದ್ದಲಿಂಗಯ್ಯನವ್ರೇ ತೆಗೆದಿದ್ದು, ಬೆಂಗಳೂರಿನ ಸ್ಟೇಟ್ಸ್ ಟಾಕೀಸಲ್ಲಿ ಎರಡು ವರ್ಷ ಓಡಿತ್ತು, ಅದನ್ನ ನೋಡಿ ಪೇಟೆ ಬಿಟ್ಟು ಬಂದು ಬೇಸಾಯ ಮಾಡ್ದೋರು ಇದಾರೆ ಅಂತ ನಮ್ಮ ಕಡೆ ಈಗ್ಲೂ ಹೇಳ್ತಾರೆ. ಆದ್ರೆ ಅದರಲ್ಲಿ ರಾಜೀವ, ಅಂದ್ರೆ ಅಣ್ಣಾವ್ರು, ಒಂದು ತಪ್ಪೂ ಮಾಡಲ್ಲ, ಕೊನೇಲಿ ಕೆಟ್ಟ ಮಾತು ಅನ್ನಿಸ್ಕೊಂಡು ಎಲ್ಲಾ ಬಿಟ್ಟು ಊರಿಂದಾನೇ ಹೊರಟು ಹೋಗ್ತಾನೆ. ಕಣ್ಣಲ್ಲಿ ನೀರು ಬರುತ್ತೆ ನಿಜ. ಆದ್ರೆ ಜಮೀನು ಹಂಗೆ ಬಿಟ್ಟು ಹೋಗೋ ಒಬ್ಬ ಮನುಷ್ಯನ್ನೂ ನಾನು ನೋಡಿಲ್ಲ, ಒಂದು ಬದುವಿಗೆ, ಒಂದು ಮರಕ್ಕೆ ಹತ್ತು ವರ್ಷ ಓಡಾಡ್ದೋರನ್ನ ಬೇಕಾದಷ್ಟು ನೋಡಿದೀನಿ. ಅಯ್ಯು, ಗುಳ್ಳ ನಂಗೆ ಗೊತ್ತಿರೋರು. ರಾಜೀವ ನಂಗೆ ಸಿಕ್ಕಿಲ್ಲ.

ಇನ್ನೊಂದು ವಿಷ್ಯ ಇದೆ, ಇದನ್ನ ಬರೀಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ದೆ. 2003ರಲ್ಲಿ ದೊಡ್ಡಪ್ಪ ತೀರ್ಕೊಂಡ್ರು, ಕೇಸು ಇನ್ನೂ ನಡೀತಿತ್ತು. ಊರೋರೆಲ್ಲಾ ಮಣ್ಣಿಗೆ ಹೋದ್ರು, ಅಮ್ಮ ದೊಡ್ಡಮ್ಮನ ಹತ್ರ ಹೋಗಿ ಕೂತಿದ್ರು, ನಾನೂ ಹೋದೆ. ಅಪ್ಪ ಮನೆಯಿಂದ ಹೊರಗೆ ಬಂದ್ರು, ರಸ್ತೆ ಪಕ್ಕ ಹುಣಸೆ ಮರದ ಕೆಳಗೆ ಟವೆಲ್ ಹೆಗಲ ಮೇಲೆ ಹಾಕ್ಕೊಂಡು ನಿಂತ್ಕೊಂಡ್ರು. ಹೆಣ ಅವ್ರ ಮುಂದೇನೇ ಹೋಯ್ತು. ಅವ್ರು ಅಲ್ಲೇ ನಿಂತಿದ್ರು. ಅದಾದ್ಮೇಲೆ ಟೀವೀಲಿ ಬೂತಯ್ಯನ ಮಗ ಅಯ್ಯು ಎಷ್ಟು ಸಲ ಬಂದಿದ್ಯೋ, ಅಪ್ಪ ಶುರುವಿನಿಂದ ಕೂತು ನೋಡ್ತಾರೆ, ಬೂತಯ್ಯನ ಹೆಣದ ಸೀನ್ ಬರೋ ಹೊತ್ತಿಗೆ ಎದ್ದು ಹಸುಗೆ ನೀರು ಇಟ್ಟು ಬರ್ತೀನಿ ಅಂತ ಹಿತ್ಲಿಗೆ ಹೋಗ್ತಾರೆ. ಮಧ್ಯಾಹ್ನ ಆಗ್ಲಿ, ರಾತ್ರಿ ಆಗ್ಲಿ. ಮೊದ್ಲೆರಡು ಸಲ ನಂಗೆ ಗೊತ್ತಾಗ್ಲಿಲ್ಲ, ಆಮೇಲೆ ಗೊತ್ತಾಯ್ತು. ನಾವ್ಯಾರೂ ಏನೂ ಕೇಳಲ್ಲ.

ತಿಥಿ ಬಗ್ಗೆ. 2016ರಲ್ಲಿ ಥಿಯೇಟರಿಗೆ ಬಂತು, ರಾಮ್ ರೆಡ್ಡಿ ಡೈರೆಕ್ಷನ್ನು, ಅದಕ್ಕೂ ಹಿಂದಿನ ವರ್ಷನೇ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು. ಮಂಡ್ಯ ಕಡೆ ನೊದೆಕೊಪ್ಪಲು ಅನ್ನೋ ಹಳ್ಳೀಲಿ ತೆಗೆದಿದ್ದು, ಆ ಊರ ಕಡೆ ಜನನೇ ಆಕ್ಟ್ ಮಾಡಿರೋದು. 101 ವರ್ಷದ ಸೆಂಚುರಿ ಗೌಡ ಸಾಯ್ತಾನೆ, 11ನೇ ದಿನ ತಿಥಿ, ಅಷ್ಟರ ಒಳಗೆ ಮೊಮ್ಮಗ ತಮ್ಮಣ್ಣ ಜಮೀನು ಮಾರ್ಬೇಕು ಅಂತ ಓಡಾಡ್ತಾನೆ, ಆದ್ರೆ ಅವನ ಅಪ್ಪ ಗಡ್ಡಪ್ಪ ಬದುಕಿರೋವಾಗ ಖಾತೆ ಹೆಂಗೆ ಇವನ ಹೆಸರಿಗೆ ಬರುತ್ತೆ? ಗಡ್ಡಪ್ಪಂಗೆ ಜಮೀನೂ ಬೇಡ, ಮನೆನೂ ಬೇಡ, ಗಡ್ಡ ಬಿಟ್ಕೊಂಡು ಬ್ರಾಂದಿ ಕುಡ್ಕೊಂಡು ನಡ್ಕೊಂಡು ಹೋಗ್ತಾ ಇರ್ತಾನೆ. ಅದಕ್ಕೆ ತಮ್ಮಣ್ಣ ಬದುಕಿರೋ ಅಪ್ಪನ್ನ ಸತ್ತಿದಾನೆ ಅಂತ ಡೆತ್ ಸರ್ಟಿಫಿಕೇಟ್ ಮಾಡಿಸಿ, ಅಪ್ಪನ ಕೈಗೆ ದುಡ್ಡು ಕೊಟ್ಟು ಊರು ಸುತ್ತೋಕೆ ಕಳಿಸ್ತಾನೆ.

ನಾನು ನೋಡಿದ ದಿನ ಥಿಯೇಟರಲ್ಲಿ ಎಲ್ರೂ ಬಿದ್ದು ಬಿದ್ದು ನಗ್ತಿದ್ರು. ನಂಗೂ ನಗು ಬಂತು, ಗಡ್ಡಪ್ಪ ಮಾತಾಡೋ ರೀತಿನೇ ಹಂಗಿದೆ. ಆದ್ರೆ ತಮ್ಮಣ್ಣನ್ನ ನೋಡಿ ಎಲ್ರೂ ಇವ್ನೆಂಥ ಮಗ ಅಂತ ಬೈತಿದ್ರು, ನಂಗೆ ಮಾತ್ರ ಅವನ ಮೇಲೆ ಕೋಪನೇ ಬರ್ಲಿಲ್ಲ. ಪೌತಿ ಖಾತೆಗೆ, ಅಂದ್ರೆ ಸತ್ತೋರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಮಾಡಿಸ್ಕೊಳೋಕೆ ಅಂತ ಓಡಾಡಿರೋರಿಗೆ ಮಾತ್ರ ಆ ಮುಖ ಅರ್ಥ ಆಗುತ್ತೆ. ಇವತ್ತು ಸಾಹೇಬ್ರು ಇಲ್ಲ, ನಾಳೆ ಸರ್ವರ್ ಇಲ್ಲ, ನಾಡಿದ್ದು ಇನ್ನೊಂದು ಕಾಗದ ಬೇಕು. ಕೊನೆಗೆ ಮನುಷ್ಯಂಗೆ ತಾನು ಮಾಡ್ತಿರೋದು ಸರಿನೋ ತಪ್ಪೋ ಅನ್ನೋದೇ ಮರೆತು ಹೋಗಿರುತ್ತೆ, ಆ ಕಾಗದ ಕೈಗೆ ಬಂದ್ರೆ ಸಾಕು ಅನ್ನೋ ಸ್ಥಿತಿ. ಆ ಸಿನಿಮಾದಲ್ಲಿ ತಮ್ಮಣ್ಣ ಬೈಕಲ್ಲಿ ಅಲ್ಲಿಗೂ ಇಲ್ಲಿಗೂ ಓಡಾಡೋದನ್ನ ನೋಡ್ದಾಗೆಲ್ಲ ನಂಗೆ ಏಳೂವರೆ ಬಸ್ಸೇ ಕಣ್ಮುಂದೆ ಬರುತ್ತೆ. ಗಡ್ಡಪ್ಪ ಕುರಿ ಕಾಯೋರ ಜೊತೆ ಬಯಲಲ್ಲಿ ಕೂತು ತನ್ನ ಕಥೆ ಹೇಳೋ ಜಾಗ ಇದ್ಯಲ್ಲ, ಅಲ್ಲಿ ಥಿಯೇಟರಲ್ಲಿ ಸದ್ದೇ ಇರ್ಲಿಲ್ಲ. ಅವನು ಯಾಕೆ ಜಮೀನು ಬೇಡ ಅಂತಾನೆ ಅನ್ನೋದು ಅಲ್ಲಿದೆ, ನೀವೇ ನೋಡಿ, ನಾನು ಹೇಳಲ್ಲ.

ಇನ್ನು ಸೀತಾರಾಂ. ಅವ್ರು ನಮ್ಮ ಪಕ್ಕದ ಗೌರಿಬಿದನೂರಲ್ಲಿ ಲಾಯರಾಗಿ ಪ್ರಾಕ್ಟೀಸ್ ಮಾಡ್ದೋರು, ಬೇಸಾಯನೂ ಮಾಡ್ದೋರು. 1998ರಲ್ಲಿ ಚಂದನದಲ್ಲಿ ಅವ್ರ ಮಾಯಾಮೃಗ ಸೀರಿಯಲ್ ಬಂದಾಗ ನಮ್ಮನೇಲಿ ಕಪ್ಪು ಬಿಳುಪು ಟೀವಿ, ಆ ಹೊತ್ತಿಗೆ ಪಕ್ಕದ ಮನೆ ಹೆಂಗಸರೆಲ್ಲಾ ಕೆಲಸ ಮುಗಿಸ್ಕೊಂಡು ಬಂದು ಕೂತ್ಕೊಳೋರು. ಕೇಸ್ ನಡೀತಿದ್ರೂ ದೊಡ್ಡಮ್ಮ ಬರೋರು, ಅದೊಂದು ಅರ್ಧ ಗಂಟೆ ಮಾತ್ರ, ಅಪ್ಪ ಒಳಗೆ ಬಂದ ತಕ್ಷಣ ಎದ್ದು ಹೋಗೋರು. ಆಮೇಲೆ ಈಟಿವೀಲಿ ಮುಕ್ತ ಮುಕ್ತ. ಲಾಯರ್ ಸಿಎಸ್‌ಪಿ ಪಾತ್ರ ಸೀತಾರಾಂ ಅವ್ರೇ ಮಾಡ್ತಾರೆ. ಜನ ಹೇಳ್ತಾರೆ ಅವ್ರ ಸೀರಿಯಲ್ ಎಳೀತಾರೆ, ಒಂದು ಸಾಕ್ಷಿ ವಿಚಾರಣೆನೇ ದಿನಗಟ್ಲೆ ಹೋಗುತ್ತೆ ಅಂತ. ನಾನು ಇದನ್ನ ಒಪ್ಪಲ್ಲ. ನಮ್ಮ ಕೇಸಲ್ಲಿ ಒಂದು ಸಾಕ್ಷಿ ವಿಚಾರಣೆಗೇ ಎರಡು ವರ್ಷ ಹಿಡೀತು, ಇವ್ರದ್ದು ಎಷ್ಟೋ ಬೇಗ ಮುಗಿಯುತ್ತೆ.

ಅಪ್ಪ ಅದನ್ನ ನೋಡೋ ರೀತಿನೇ ಬೇರೆ ಇತ್ತು. ಊಟ ಮಾಡಿ ಚಾಪೆ ಮೇಲೆ ಮಲಗಿರೋರು, ಕೋರ್ಟ್ ಸೀನ್ ಶುರುವಾದ್ರೆ ಎದ್ದು ನೆಟ್ಟಗೆ ಕೂತ್ಕೊಳೋರು, ಪಂಚೆ ಸರಿ ಮಾಡ್ಕೊಂಡು. ನಿಜವಾದ ಕೋರ್ಟಲ್ಲಿ ಅಪ್ಪ ಕಂಡಿದ್ದು ಇಷ್ಟೇ, ಹೆಸರು ಕೂಗ್ತಾರೆ, ಒಳಗೆ ಹೋಗ್ತಾರೆ, ಎರಡು ನಿಮಿಷ ಲಾಯರು ಇಂಗ್ಲಿಷಲ್ಲಿ ಏನೋ ಹೇಳ್ತಾರೆ, ಮುಂದಿನ ತಾರೀಕು, ಹೊರಗೆ. 14 ವರ್ಷದಲ್ಲಿ ಅವ್ರು ಕಟಕಟೇಲಿ ನಿಂತು ಬಾಯಿ ಬಿಟ್ಟು ಮಾತಾಡಿದ್ದು ಒಂದೇ ಸಲ. ಟೀವಿ ಕೋರ್ಟಲ್ಲಿ ಎಲ್ಲಾ ಕನ್ನಡದಲ್ಲಿ, ಬಡವಂಗೂ ಮಾತಾಡೋಕೆ ಬಿಡ್ತಾರೆ, ಜಡ್ಜು ಪೂರ್ತಿ ಕೇಳಿಸ್ಕೊಳ್ತಾರೆ. ಅಪ್ಪಂಗೆ ಬೇಕಾಗಿದ್ದು ಅದೇ ಅಂತ ನಂಗೆ ಅನ್ಸುತ್ತೆ, ಗೆಲ್ಲೋದಕ್ಕಿಂತ ಒಂದು ಸಲ ಯಾರಾದ್ರೂ ಪೂರ್ತಿ ಕೇಳಿಸ್ಕೊಳ್ಳೋದು. ಯಾರೇ ಆ ಸೀರಿಯಲ್ ಬಗ್ಗೆ ಹಗುರವಾಗಿ ಮಾತಾಡಿದ್ರೆ ನಂಗೆ ಸಿಟ್ಟು ಬರೋದು ಇದಕ್ಕೇ. 2018ರಲ್ಲಿ ಸೀತಾರಾಂ ಅವ್ರದ್ದೇ ಇನ್ನೊಂದು ಸೀರಿಯಲ್ ‘ಮಗಳು ಜಾನಕಿ’ ಬಂದಾಗ ನಮ್ಮ ಕೇಸು ಮುಗಿದು ಎಂಟು ವರ್ಷ ಆಗಿತ್ತು, ರಾಜಿ ಮಾಡ್ಕೊಂಡು ಅರ್ಧರ್ಧ ಹಂಚ್ಕೊಂಡಿದ್ವಿ, ಬಾವಿ ಅಷ್ಟೊತ್ತಿಗೆ ಬತ್ತಿ ಹೋಗಿತ್ತು. ಆದ್ರೂ ಅಪ್ಪ ಕೋರ್ಟ್ ಸೀನಿಗೆ ಎದ್ದು ಕೂತ್ಕೊಂಡ್ರು.

ಬೇರೆ ಎರಡು ಬೇಗ ಹೇಳ್ಬಿಡ್ತೀನಿ. ಗಿರೀಶ್ ಕಾಸರವಳ್ಳಿಯವ್ರ ಗುಲಾಬಿ ಟಾಕೀಸ್, ಕರಾವಳಿ ಕಥೆ, ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿ ಮನೆಗೆ ಕಲರ್ ಟೀವಿ, ಡಿಶ್ಶು ಬರುತ್ತೆ, ಕೇರಿ ಹೆಂಗಸರೆಲ್ಲ ಬಂದು ಸೇರ್ತಾರೆ, ನಮ್ಮನೇಲಿ ಮಾಯಾಮೃಗ ನೋಡೋಕೆ ಸೇರ್ತಿದ್ದ ಹಂಗೇ. ಗುಲಾಬಿ ಪಾತ್ರಕ್ಕೆ ಉಮಾಶ್ರೀ ಅವ್ರಿಗೆ ರಾಷ್ಟ್ರಪ್ರಶಸ್ತಿ ಬಂತು, ಅವ್ರು ತಿಪಟೂರು ತಾಲ್ಲೂಕಿನ ನೊಣವಿನಕೆರೆಯವ್ರು. ಅಮ್ಮ ‘ಪುಟ್ಟಕ್ಕನ ಮಕ್ಕಳು’ ಸೀರಿಯಲ್ ನೋಡ್ತಿದ್ದಿದ್ದೂ ಅವ್ರಿಗೋಸ್ಕರನೇ. ಇನ್ನೊಂದು ಶಂಕರ್ ನಾಗ್ ಅವ್ರ ಮಾಲ್ಗುಡಿ ಡೇಸ್ ಸೀರಿಯಲ್, ಆಗುಂಬೇಲಿ ತೆಗೆದಿದ್ದು. ಹಿಂದಿ ನಂಗೆ ಒಂದಕ್ಷರ ಬರ್ತಿರ್ಲಿಲ್ಲ, ಆದ್ರೂ ಅದರಲ್ಲಿರೋ ಹುಡುಗ ಸ್ವಾಮಿಗೆ ಮೇಷ್ಟ್ರು ಹೊಡೆದ್ರೆ ನಂಗೆ ಅಳು ಬರೋದು. ಇವೆರಡರ ಬಗ್ಗೆ ಬೇರೆಯೋರು ಚೆನ್ನಾಗಿ ಬರ್ದಿರ್ತಾರೆ, ಹುಡುಕಿ ಓದಿ.

ನೀವು ಹಳೇ ಮೈಸೂರು ಕಡೆಯೋರಲ್ದಿದ್ರೆ ತಿಥಿನ ಸಬ್‌ಟೈಟಲ್ ಹಾಕ್ಕೊಂಡೇ ನೋಡಿ, ಮಂಡ್ಯ ಮಾತು ಮೊದಲ ಸಲಕ್ಕೆ ಕಿವಿಗೆ ಹಿಡಿಯಲ್ಲ. ಬೂತಯ್ಯನ ಮಗ ಅಯ್ಯು ಮಾತ್ರ ಮೊಬೈಲಲ್ಲಿ ಒಬ್ರೇ ನೋಡ್ಬೇಡಿ, ಮನೇಲಿ ದೊಡ್ಡೋರು ಇದ್ರೆ ಅವ್ರನ್ನ ಕೂರಿಸ್ಕೊಂಡು ನೋಡಿ. ಬೂತಯ್ಯನ ಹೆಣದ ಸೀನಿಗೆ ನಿಮ್ಮನೇಲೂ ಯಾರಾದ್ರೂ ಎದ್ದು ಹೋದ್ರಾ ಅಂತ ನಂಗೆ ಬಂದು ಹೇಳಿ.