ಏರ್ ಬೆಡ್ ಮೇಲೆ ಕೌದಿ ಹಾಸಬಹುದಾ?

ಮನೆಯಲ್ಲೇ ಆರೈಕೆ: ಓದುಗರ ಪ್ರಶ್ನೆಗಳಿಗೆ ಹುಬ್ಬಳ್ಳಿಯ ಹಿರಿಯ ನರ್ಸ್ ಒಬ್ಬರ ಉತ್ತರ

ಪ್ರಶ್ನೆ: ನಮ್ಮ ಅವ್ವನಿಗೆ 72 ವರ್ಷ. ಲಕ್ವಾ ಹೊಡೆದು ಎಡಮೈ ಸ್ವಾಧೀನದಲ್ಲಿಲ್ಲ. ಡಾಕ್ಟರ್ ಹೇಳಿದ್ರು ಅಂತ ಪಂಪ್ ಇರೋ ಏರ್ ಬೆಡ್ ತಂದಿದ್ದೇವೆ. ಪ್ಲಾಸ್ಟಿಕ್ ಮೈಗೆ ಒತ್ತುತ್ತದೆ ಅಂತ ಅದರ ಮೇಲೆ ರಬ್ಬರ್ ಶೀಟ್, ಅದರ ಮೇಲೆ ಅಜ್ಜಿ ಹೊಲಿದ ಕೌದಿ ಹಾಸಿದ್ದೇವೆ. ಆದರೂ ಟೊಂಕದ ಕೆಳಗೆ ಕೆಂಪಾಗಿದೆ. ಬೆಡ್ಡೇ ಸರಿ ಇಲ್ವಾ ಅಕ್ಕಾ?
– ಓದುಗರು, ರಾಣೆಬೆನ್ನೂರು

ತಂಗಿ, ಮೊದಲು ಆ ಕೌದಿ ತೆಗೆ. ರಬ್ಬರ್ ಶೀಟೂ ತೆಗೆ. ಬೆಡ್ ಕೆಟ್ಟಿರಲಿಕ್ಕಿಲ್ಲ, ಅದರ ಕೆಲಸ ಅವ್ವನ ಮೈಗೆ ಮುಟ್ಟುತ್ತಿಲ್ಲ ಅಷ್ಟೇ.

ಏರ್ ಬೆಡ್ ಮಾಡೋದೇನು ನೋಡು. ಅದರ ಗುಳ್ಳೆಗಳು ಎರಡು ಗುಂಪು. ಒಂದು ಗುಂಪು ಉಬ್ಬಿದಾಗ ಇನ್ನೊಂದು ಇಳಿಯುತ್ತದೆ. ಸಾಮಾನ್ಯವಾಗಿ ಹತ್ತು ಹನ್ನೆರಡು ನಿಮಿಷದಲ್ಲಿ ಒಂದು ಸುತ್ತು. ಹೀಗೆ ಮೈಯ ಯಾವ ಜಾಗದ ಮೇಲೂ ಭಾರ ಒಂದೇ ಸಮ ನಿಲ್ಲೋದಿಲ್ಲ. ಎಲುಬು ಮತ್ತು ಹಾಸಿಗೆ ನಡುವೆ ಸಿಕ್ಕಿಬಿದ್ದ ಚರ್ಮಕ್ಕೆ ರಕ್ತ ಹರಿಯಲು ಬಿಡುವು ಸಿಗುತ್ತದೆ. ಕೌದಿ ಅಂದರೆ ಹಳೇ ಸೀರೆ, ಧೋತರ ಪದರು ಪದರಾಗಿ ಸೇರಿಸಿ ಹೊಲಿದದ್ದು. ಅಷ್ಟು ದಪ್ಪದ ಬಟ್ಟೆ ಹಾಸಿದರೆ ಕೆಳಗಿನ ಗುಳ್ಳೆ ಏರಿದ್ದೂ ಗೊತ್ತಾಗೋದಿಲ್ಲ, ಇಳಿದದ್ದೂ ಗೊತ್ತಾಗೋದಿಲ್ಲ. ಹೊಲಿಗೆಯ ಗೆರೆಗಳೂ ಚರ್ಮಕ್ಕೆ ಒತ್ತುತ್ತವೆ. ರಬ್ಬರ್ ಶೀಟ್ ಬೆವರು ಹಿಡಿದಿಡುತ್ತದೆ. ಒದ್ದೆ ಚರ್ಮ ಬೇಗ ಕಿತ್ತುಬರುತ್ತದೆ. ಒಂದೇ ಒಂದು ತೆಳು ಹತ್ತಿ ಬೆಡ್‌ಶೀಟ್ ಸಾಕು. ಅಜ್ಜಿಯ ಕೌದಿಯನ್ನು ಅವ್ವನಿಗೆ ಹೊದಿಸು, ಬೆಚ್ಚಗಿರುತ್ತಾಳೆ.

ಆಮೇಲೆ ಇದೊಂದು ಪರೀಕ್ಷೆ ಮಾಡು. ಏರ್ ಬೆಡ್‌ಗೂ ಅದರ ಕೆಳಗಿನ ಗಾದಿಗೂ ನಡುವೆ, ಸರಿಯಾಗಿ ಅವ್ವನ ಟೊಂಕದ ಕೆಳಗೆ, ಅಂಗೈ ಮೇಲೆ ಮಾಡಿ ಕೈ ತೂರಿಸು. ಅಲ್ಲಿನ ಗುಳ್ಳೆ ಉಬ್ಬಿರೋವಾಗ ನೋಡಬೇಕು. ಆಗಲೂ ಅವಳ ಎಲುಬು ನಿನ್ನ ಕೈಗೆ ತಾಕಿದರೆ ಗಾಳಿ ಸಾಲದು. ಕೈಗೂ ಮೈಗೂ ನಡುವೆ ಒಂದು ಇಂಚಾದರೂ ಗಾಳಿಯ ದಪ್ಪ ಇರಬೇಕು. ಪಂಪ್ ಮೇಲೆ ತೂಕಕ್ಕೆ ತಕ್ಕಂತೆ ತಿರುಗಿಸುವ ಗುಂಡಿ ಇರುತ್ತದೆ, ಅದನ್ನು ಸ್ವಲ್ಪ ಏರಿಸು. ಪೂರ್ತಿ ಏರಿಸಬೇಡ, ಹಲಗೆ ಮೇಲೆ ಮಲಗಿಸಿದ ಹಾಗಾಗುತ್ತದೆ.

ಆ ಕೆಂಪು ಜಾಗವನ್ನು ಬೆರಳಿಂದ ಒಂದೆರಡು ಸೆಕೆಂಡ್ ಒತ್ತಿ ಬಿಡು. ಬಿಳುಪಾಗಿ ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ. ಒತ್ತಿದರೂ ಬಣ್ಣ ಬದಲಾಗದಿದ್ದರೆ ಅದು ಹಾಸಿಗೆ ಹುಣ್ಣಿನ ಮೊದಲ ಹಂತ. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭಕ್ಕೆ ಕಾಣೋದಿಲ್ಲ. ಅದಕ್ಕೆ ಕೈಯ ಹಿಂಬದಿ ಇಟ್ಟು ನೋಡಬೇಕು: ಸುತ್ತಲಿಗಿಂತ ಬಿಸಿ ಇದೆಯಾ? ಗಟ್ಟಿ ಇದೆಯಾ, ಮೆತ್ತಗೆ ಕೊಳೆತ ಹಾಗಿದೆಯಾ? ಆ ಜಾಗವನ್ನು ಎಣ್ಣೆ, ಸ್ಪಿರಿಟ್ ಹಚ್ಚಿ ತಿಕ್ಕಲೇಬೇಡಿ. ಒಳಗಿನ ಸೂಕ್ಷ್ಮ ರಕ್ತನಾಳಗಳು ಇನ್ನಷ್ಟು ಹಾಳಾಗುತ್ತವೆ.

ಇನ್ನೊಂದು ಮಾತು ಕಳಕಳಿಯಿಂದ ಹೇಳುತ್ತೇನೆ. ಏರ್ ಬೆಡ್ ಬಂತು ಅಂತ ಮಗ್ಗಲು ಬದಲಿಸೋದನ್ನೇ ಬಿಟ್ಟ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಹಾಗೆ ಮಾಡಬೇಡಿ. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಿ. ಚರ್ಮ ಚೆನ್ನಾಗಿದ್ದರೆ ರಾತ್ರಿ ಹೊತ್ತು ಅಂತರ ಹೆಚ್ಚಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಪೂರ್ತಿ ಮಗ್ಗಲಾಗಿ ಮಲಗಿಸಿದರೆ ಭಾರ ಸೊಂಟದ ಎಲುಬಿನ ಮೇಲೆ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟು ಓರೆ ಮಾಡಿದರೆ ಸಾಕು. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಇಬ್ಬರು ಆಚೆ ಈಚೆ ನಿಂತು ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಿ. ಹಿಮ್ಮಡವನ್ನಂತೂ ಏರ್ ಬೆಡ್ ಕೂಡ ಪೂರ್ತಿ ಕಾಯೋದಿಲ್ಲ. ಮೀನಖಂಡದ ಕೆಳಗೆ ಉದ್ದಕ್ಕೆ ದಿಂಬಿಟ್ಟು ಹಿಮ್ಮಡ ಎಲ್ಲೂ ತಾಕದ ಹಾಗೆ ಬಿಡಿ.

ಕರೆಂಟ್ ಹೋದರೆ ಟ್ಯೂಬ್ ಕೀಳಬೇಡಿ, ಗಾಳಿ ಇಳಿದುಬಿಡುತ್ತದೆ. ಈ ಪಂಪ್‌ಗೆ ಬೇಕಾಗೋದು ತೀರಾ ಕಡಿಮೆ ಕರೆಂಟ್. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದಕ್ಕೇ ಜೋಡಿಸಿ.

ಪ್ರಶ್ನೆ: ನನಗೆ 29 ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ಪರ್ಶ ಇಲ್ಲ. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ವೀಲ್‌ಚೇರ್ ಮೇಲೇ ಕೂರುತ್ತೇನೆ. ಗೆಳೆಯರು ನಡುವೆ ತೂತಿರುವ ಗಾಳಿಯ ರಿಂಗ್ ತಂದುಕೊಟ್ಟಿದ್ದಾರೆ. ಸಾಕಾಗುತ್ತದಾ?
– ಓದುಗರು, ಗದಗ-ಬೆಟಗೇರಿ

ತಮ್ಮಾ, ಆ ರಿಂಗ್ ಬೇಡ. ತೂತಿನ ಸುತ್ತ ಚರ್ಮ ಬಿಗಿಯಾಗಿ ಒತ್ತಿ, ನಡುವಿನ ಜಾಗಕ್ಕೆ ರಕ್ತ ಬರೋದೇ ಕಡಿಮೆಯಾಗುತ್ತದೆ. ನೀನು ಉಳಿಸಬೇಕಾದ ಜಾಗವೇ ಅದು.

ಕೂತಾಗ ಮೈಯ ಬಹುಪಾಲು ಭಾರ ಬೀಳೋದು ಕೆಳಗಿನ ಎರಡು ಎಲುಬಿನ ತುದಿಗಳ ಮೇಲೆ. ನಮಗಾದರೆ ಉರಿ ಹತ್ತಿದ ತಕ್ಷಣ ಗೊತ್ತಿಲ್ಲದೇ ಮಿಸುಕಾಡುತ್ತೇವೆ. ನಿನಗೆ ಆ ಸೂಚನೆ ಬರೋದಿಲ್ಲ. ಹಾಗಾಗಿ ಗಡಿಯಾರವೇ ನಿನಗೆ ಸೂಚನೆ. ಮೊಬೈಲಲ್ಲಿ ಅರ್ಧ ತಾಸಿಗೊಮ್ಮೆ ಅಲಾರಂ ಇಡು. ಮುಂದಕ್ಕೆ ಬಾಗಿ ಎದೆಯನ್ನು ತೊಡೆಯ ಹತ್ತಿರ ತಂದು ಒಂದೆರಡು ನಿಮಿಷ ಇರು. ಬೀಳುವ ಭಯ ಇದ್ದರೆ ರಿಪೇರಿ ಟೇಬಲ್ ಮೇಲೆ ಮೊಳಕೈ ಊರಿ ಬಾಗು. ಇಲ್ಲವೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲು. ಕೈ ಊರಿ ಮೈ ಎತ್ತೋದೂ ಒಂದು ದಾರಿ. ಆದರೆ ಅದನ್ನು ಬೇಕಾದಷ್ಟು ಹೊತ್ತು ಹಿಡಿಯೋದು ಕಷ್ಟ, ಭುಜವೂ ಸವೆಯುತ್ತದೆ.

ಕುಶನ್‌ಗಳಲ್ಲಿ ಫೋಮ್, ಜೆಲ್, ಗಾಳಿ ಗುಳ್ಳೆ ಅಂತ ಬಗೆಗಳಿವೆ. ಫೋಮ್ ಹಗುರ, ಅಗ್ಗ, ಆದರೆ ಕುಸಿಯುತ್ತದೆ. ಒತ್ತಿದ ಮೇಲೆ ಮತ್ತೆ ಉಬ್ಬದಿದ್ದರೆ ಬದಲಿಸು. ಜೆಲ್ ಭಾರ, ಕೂತ ಜಾಗದಿಂದ ಪಕ್ಕಕ್ಕೆ ಸರಿಯುತ್ತದೆ. ಆಗಾಗ ನಾದಿ ಸರಿ ಮಾಡಬೇಕು. ನಿನ್ನ ಹಾಗೆ ಸ್ಪರ್ಶ ಇಲ್ಲದೆ ದಿನವಿಡೀ ಕೂರುವವರಿಗೆ ಗಾಳಿ ಗುಳ್ಳೆಯ ಕುಶನ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬೆಲೆ ಜಾಸ್ತಿ, ಗಾಳಿಯನ್ನು ದಿನಾ ನೋಡಬೇಕು. ಕೊಳ್ಳುವ ಮೊದಲು ಫಿಸಿಯೋಥೆರಪಿಸ್ಟ್ ಎದುರು ಕೂತು ಅಳತೆ ಕೊಡು. ಕುಶನ್ ದಪ್ಪವಾದಷ್ಟೂ ಪಾದದ ಹಲಗೆಯನ್ನೂ ಹೊಂದಿಸಬೇಕಾಗುತ್ತದೆ. ಮಡಚಿ ತುರುಕಿದ ದಪ್ಪ ಟವೆಲ್, ಹಿಂದಿನ ಜೇಬಿನ ಪರ್ಸ್, ಸ್ಕ್ರೂಡ್ರೈವರ್ ಯಾವುದೂ ಕೆಳಗೆ ಇರಬಾರದು. ಜೀನ್ಸಿನ ದಪ್ಪ ಹೊಲಿಗೆ ಕೂಡ ಹುಣ್ಣು ಮಾಡುತ್ತದೆ. ರಾತ್ರಿ ಮಲಗೋ ಮುಂಚೆ ಹಿಡಿಕೆ ಇರೋ ಕನ್ನಡಿಯಲ್ಲಿ, ಇಲ್ಲಾ ಮೊಬೈಲಲ್ಲಿ ಫೋಟೋ ತೆಗೆದು ಚರ್ಮ ನೋಡಿಕೋ.

ಬೇಸರ ಮಾಡಿಕೊಳ್ಳಬೇಡ ಅಂತ ಇದೊಂದು ಹೇಳುತ್ತೇನೆ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ ಎಂಬ ಡಾಕ್ಟರ್ ಬೆನ್ನುಹುರಿ ಪೆಟ್ಟಾದ ಸೈನಿಕರ ವಾರ್ಡ್ ನೋಡಿಕೊಳ್ಳಲು ಬಂದರು. ಅಂಥವರು ಹುಣ್ಣು, ಮೂತ್ರದ ಸೋಂಕಿನಿಂದ ಸಾಯೋದೇ ಆಗ ಹೆಚ್ಚು. ಗುಟ್‌ಮನ್ ಹಗಲು ರಾತ್ರಿ ಎರಡು ತಾಸಿಗೊಮ್ಮೆ ರೋಗಿಗಳ ಮಗ್ಗಲು ಬದಲಿಸಿದರು. ಅಲ್ಲಿ 1948ರಲ್ಲಿ ಶುರುವಾದ ವೀಲ್‌ಚೇರ್ ಆಟಗಳೇ ಮುಂದೆ ಪ್ಯಾರಾಲಿಂಪಿಕ್ಸ್ ಆದದ್ದು.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡೋ ಗುರುತಿನ ಚೀಟಿ, ಮಾಡಿಸಿದ್ದೀಯಾ? ಇಲ್ಲದಿದ್ದರೆ ಮಾಡಿಸು. ವೀಲ್‌ಚೇರ್ ಮತ್ತಿತರ ಸಲಕರಣೆಗೆ ಸರ್ಕಾರದ ನೆರವಿನ ಬಗ್ಗೆ ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ಕೇಳು.

ಪ್ರಶ್ನೆ: ಮಾವನವರಿಗೆ ಹಾಸಿಗೆ ಹುಣ್ಣು ಒಡೆದು ನೀರು ಬರುತ್ತಿದೆ. ಅರಿಶಿನ ತುಂಬಬಹುದಾ?
– ಓದುಗರು, ಶಿಗ್ಗಾವಿ

ಬೇಡಮ್ಮ. ಅರಿಶಿನ, ಪೌಡರ್ ಒಳಗೆ ಗಡ್ಡೆ ಕಟ್ಟಿ ಕೂರುತ್ತವೆ, ಹುಣ್ಣು ಎಷ್ಟು ಆಳ ಅಂತ ಗೊತ್ತಾಗೋದಿಲ್ಲ. ಇವತ್ತೇ ಡಾಕ್ಟರಿಗೆ ತೋರಿಸಿ. ವಾಸನೆ, ಕೀವು, ಜ್ವರ ಇದ್ದರೆ, ಹುಣ್ಣಿನ ಚರ್ಮ ಕಪ್ಪಾಗಿದ್ದರೆ ತಡ ಮಾಡದೆ ಹಾವೇರಿ ಜಿಲ್ಲಾಸ್ಪತ್ರೆಗೆ ಇಲ್ಲವೇ ಹುಬ್ಬಳ್ಳಿಯ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್) ಆಸ್ಪತ್ರೆಗೆ ಕರೆತನ್ನಿ. ಹುಣ್ಣು ಇರುವ ಮಗ್ಗಲಿಗೆ ಮಲಗಿಸಬೇಡಿ. ಊಟದಲ್ಲಿ ಮೊಟ್ಟೆ, ಹಾಲು, ಹೆಸರುಕಾಳು, ಶೇಂಗಾ ಹೆಚ್ಚಿಸಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಮೊದಲು ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಇದ್ದರೆ ಅದು ಹತೋಟಿಗೆ ಬಾರದೆ ಗಾಯ ಮಾಯೋದಿಲ್ಲ.

ಪ್ರಶ್ನೆ: ವಾಟರ್ ಬೆಡ್ ಒಳ್ಳೆಯದಾ, ಏರ್ ಬೆಡ್ಡಾ? ಬಾಡಿಗೆಗೆ ತರಬಹುದಾ?
– ಓದುಗರು, ಧಾರವಾಡ

ಮನೆಯಲ್ಲಿ ನೋಡಿಕೊಳ್ಳಲು ನಾನು ಏರ್ ಬೆಡ್ಡನ್ನೇ ಹೇಳುತ್ತೇನೆ. ವಾಟರ್ ಬೆಡ್ ತುಂಬಿದ ಮೇಲೆ ಅಲ್ಲಾಡಿಸಲಾಗೋದಿಲ್ಲ, ಧಾರವಾಡದ ಚಳಿಗೆ ಥಂಡಿಯಾಗುತ್ತದೆ, ಒಂದು ಸೇಫ್ಟಿ ಪಿನ್ ತಾಗಿದರೆ ಮನೆಯೆಲ್ಲ ನೀರು. ಕೆಲವೇ ವಾರದ ಮಾತಾದರೆ ಬಾಡಿಗೆ ಸರಿ. ತರುವ ಮುಂಚೆ ಅಂಗಡಿಯಲ್ಲೇ ಪಂಪ್ ಹಚ್ಚಿಸಿ, ಅರ್ಧ ತಾಸು ಅಲ್ಲೇ ಕೂತು, ಎರಡೂ ಗುಂಪಿನ ಗುಳ್ಳೆಗಳು ಸರದಿಯಲ್ಲಿ ಏರಿ ಇಳಿಯುತ್ತವೆಯಾ ಅಂತ ಕೈಯಿಟ್ಟು ನೋಡಿ. ಒಂದು ಸಾಲು ಮಿಸುಕಾಡದೆ ಹಾಗೇ ಇದ್ದರೆ ಬೇರೆ ಬೆಡ್ ಕೇಳಿ.