ಪಾಲಿಕೆ ಖಜಾನೆ ಖಾಲಿ ಅಂದರೆ ಪೌರಕಾರ್ಮಿಕರ ಸಂಘ ಏನನ್ನು ಬಿಟ್ಟುಕೊಡಬಹುದು?

ಕನಿಷ್ಠ ವೇತನವನ್ನಂತೂ ಅಲ್ಲ. ಕೊಡೋಕೆ ಶಕ್ತಿ ಇಲ್ಲ ಅನ್ನೋ ಮಾತು ಅಲ್ಲಿ ನಡೆಯೋದಿಲ್ಲ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ, ಉನ್ನಿಚೋಯಿ ಪ್ರಕರಣದಲ್ಲಿ ಹೇಳಿದೆ. ಅದಕ್ಕಿಂತ ಕಡಿಮೆಗೆ ಸಂಘ ಸಹಿ ಹಾಕಿದರೂ ಒಪ್ಪಂದ ನಿಲ್ಲುವುದಿಲ್ಲ. ಸಂಬಳದಲ್ಲಿ ಹಿಡಿದ ಪಿಎಫ್ ಕೂಡ ಕಾರ್ಮಿಕರ ದುಡ್ಡು.

ಹಳೇ ಬಾಕಿಯಲ್ಲಿ ಸ್ವಲ್ಪ ಬಗ್ಗಬಹುದು. ಕಂತಿನಲ್ಲಿ ಪಡೆಯಿರಿ, ಆದರೆ ಪ್ರತಿ ಕಂತಿಗೂ ತಾರೀಖು ಬರೆಸಿಕೊಳ್ಳಿ. 'ಅನುದಾನ ಬಂದ ಮೇಲೆ' ಎಂಬ ಸಾಲಿಗೆ ಒಪ್ಪಲೇಬೇಡಿ. ಆಸ್ತಿ ತೆರಿಗೆ ಬಾಕಿ ಪಟ್ಟಿಯನ್ನೂ ಕೇಳಿ. ದೊಡ್ಡ ಕಟ್ಟಡಗಳ ತೆರಿಗೆ ಬಿಟ್ಟು ಪೊರಕೆ ಹಿಡಿದವರ ಜೇಬಿಗೆ ಕೈ ಹಾಕೋದು ಅನ್ಯಾಯ ಅಲ್ವಾ?

ಬಿಟ್ಟುಕೊಟ್ಟದ್ದಕ್ಕೆ ಬದಲಾಗಿ ಪಾಲಿಕೆಗೆ ಖರ್ಚಿಲ್ಲದ ಬೇಡಿಕೆಯನ್ನೂ ಇಡಿ. ಉದಾಹರಣೆಗೆ, ಕಲಬುರಗಿಯಲ್ಲಿ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 10ರೊಳಗೆ ಬೀದಿ ಗುಡಿಸೋ ಕೆಲಸ ಮುಗಿಯಬೇಕು ಅಂತ ಅದೇ ಒಪ್ಪಂದದಲ್ಲಿ ಸೇರಿಸಿಕೊಳ್ಳಿ.